ಒಳಗೆ ಬಾರದ ಟೀಚರಮ್ಮ

ಏರ್‌ಪೋರ್ಟ್ ರಸ್ತೆ ದಾಟುವ ಮೊದಲು ಟೀಚರಮ್ಮ ಬಗ್ಗಿ, ಬಲಗೈ ಬೆರಳಿನಿಂದ ಟಾರು ಮುಟ್ಟಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕೊಡಿಗೇಹಳ್ಳಿಯ ಸಿಗ್ನಲ್ಲಿನಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ, ಗಾಡಿಗಳೆಲ್ಲ ಗುರುಗುಟ್ಟುತ್ತ ನಿಂತಿರುವ ಹೊತ್ತಿನಲ್ಲಿ. ಹಿಂದೆ ನಿಂತವರು ಪಾಪ, ಮುದುಕಿಯದು ಏನೋ ಬಿದ್ದುಹೋಗಿದೆ ಎಂದು ತಾವೂ ಬಗ್ಗಿ ಹುಡುಕುತ್ತಿದ್ದರು. ಒಮ್ಮೆ ನಾನು ಜೊತೆಯಲ್ಲಿದ್ದೆ. ನಾಚಿಕೆಯಾಗಿ ನಾಲ್ಕು ಹೆಜ್ಜೆ ದೂರ ಸರಿದು, ಇವರು ಯಾರೋ ಏನೋ ಎಂಬಂತೆ ಮೊಬೈಲು ನೋಡುತ್ತ ನಿಂತಿದ್ದೆ. ಆಚೆ ಬದಿ ಸೇರಿದ ಮೇಲೆ ಕೇಳಿದೆ.

“ಅಲ್ಲ ಮೇಡಂ, ರಸ್ತೆಗೂ ಯಾರಾದ್ರೂ ಕೈ ಮುಗೀತಾರಾ?”

“ದಾಟೋದು ಅಂದ್ರ ದಾಟೋದೇ ಅಲ್ರಿ ಸರ. ಈ ದಂಡಿ ಬಿಟ್ಟು ಆ ದಂಡಿಗೆ ಹೋಗೂ ಮುಂದ ಒಂದು ಮಾತು ಕೇಳಿ ಹೋಗ್ಬೇಕು. ಹೇಳದ ಕೇಳದ ಕಾಲಿಟ್ರ ಹೊಳಿ ಸಿಟ್ಟಾಗ್ತದ,” ಎಂದರು. ಹೇಳಿ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಫುಟ್‌ಪಾತಿನ ಮೇಲೆ ಕಾಲಿಟ್ಟರು. ಒದ್ದೆ ಆಗಬಾರದು ಎಂಬ ಹುಷಾರಿ. ರಸ್ತೆಯಲ್ಲಿ ಒಂದು ಹನಿ ನೀರಿರಲಿಲ್ಲ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದದ್ದಿಲ್ಲ, ಎಲ್ಲರಿಗೂ ಟೀಚರಮ್ಮ. ಅದಲ್ಲದೆ ಇದರಲ್ಲಿ ಅವರ ತಮ್ಮನ ಮಾತೂ ಬರುತ್ತದೆ, ನನ್ನದೊಂದು ತಪ್ಪೂ ಬರುತ್ತದೆ. ಹೆಸರಿಲ್ಲದಿದ್ದರೆ ಬರೆಯಲು ಸ್ವಲ್ಪ ಧೈರ್ಯ.

ಟೀಚರಮ್ಮ ಹುಟ್ಟಿದ್ದು ಇದೇ ಕೊಡಿಗೇಹಳ್ಳಿಯಲ್ಲಿ, ಇಲ್ಲಿ ರಾಗಿ ಹೊಲ ಮತ್ತು ದ್ರಾಕ್ಷಿ ತೋಟ ಇದ್ದ ಕಾಲದಲ್ಲಿ. ಊರಿನ ಹಳೆಯ ಒಕ್ಕಲು ಮನೆತನದ ಮೊದಲ ಮಗಳು. ಇಪ್ಪತ್ತೆರಡರ ವಯಸ್ಸಿಗೆ ಪ್ರೈಮರಿ ಶಾಲೆಯ ಕೆಲಸ ಸಿಕ್ಕಿತು. ಸಿಕ್ಕಿದ್ದು ಎಲ್ಲಿ? ರಾಯಚೂರಿನ ಕಡೆ, ಕೃಷ್ಣಾ ನದಿಯ ನಟ್ಟನಡುವಿನ ಒಂದು ನಡುಗಡ್ಡೆಯಲ್ಲಿ. ಅಲ್ಲಿಯವರು ಅದನ್ನು ಗಡ್ಡಿ ಎನ್ನುತ್ತಾರೆ. ನಲವತ್ತು ಮನೆ, ಒಂದು ಹನುಮಪ್ಪನ ಗುಡಿ, ಒಂದೇ ಕೋಣೆಯ ಶಾಲೆ. ಸುತ್ತ ನೀರು. ಹೋಗಬೇಕೆಂದರೂ ಬರಬೇಕೆಂದರೂ ತೆಪ್ಪ. ಬಿದಿರಿನ ಆ ದುಂಡು ಬುಟ್ಟಿ ಮಳೆಗಾಲದ ಮೂರು ತಿಂಗಳು ನೀರಿಗೇ ಇಳಿಯುವುದಿಲ್ಲ. “ಎರಡು ವರ್ಷ ಇರು, ಆಮೇಲೆ ವರ್ಗ ಮಾಡಿಸ್ಕೊಂಡು ಬಾ,” ಎಂದು ಅವರಪ್ಪ ಬಸ್ಸು ಹತ್ತಿಸಿದ್ದರಂತೆ. ಟೀಚರಮ್ಮ ನಿವೃತ್ತಿಯಾಗುವ ತನಕ ಅಲ್ಲೇ ಇದ್ದರು.

ನಾನು ಅದೇ ಹೊಳೆಯ ದಂಡೆಯ ಊರಿನವನು. ಯಲಹಂಕದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಏಳು ವರ್ಷದ ಹಿಂದೆ ಬಾಡಿಗೆ ಮನೆ ಹುಡುಕಿಕೊಂಡು ಅವರ ಬಾಗಿಲು ತಟ್ಟಿದಾಗ “ಯಾವೂರ್ರಿ?” ಎಂದು ಕೇಳಿದರು. ಊರ ಹೆಸರು ಹೇಳಿದೆ. ಅವರ ಮುಖ ಅರಳಿದ್ದು ನೋಡಿ ನಾನೇ ಹಿಂದೆ ಸರಿದೆ.

“ಅಯ್ಯ, ಹೊಳಿದಂಡಿಯವ್ರು! ನಿಮ್ಮೂರ ಗುಡಿ ಗಂಟಿ ನಮ್ಮ ಸಾಲಿಗೆ ಕೇಳಿಸ್ತಿತ್ರಿ. ಬರ್ರಿ, ಮ್ಯಾಲಿನ ಮನಿ ನಿಮ್ದೇ,” ಎಂದರು. ಮುಂಗಡದ ಮಾತು ಎತ್ತಿದ್ದು ನಾನೇ, ಅವರಲ್ಲ.

ಇಲ್ಲೊಂದು ತಮಾಷೆಯಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಟಾಫ್ ರೂಮಿನವರು ನನ್ನ ಮಾತನ್ನು ಅಣಕಿಸಿ ನಗುತ್ತಿದ್ದರು. ನಾನು ಒಂದೊಂದೇ ಶಬ್ದ ಉಜ್ಜಿ ಉಜ್ಜಿ ತೆಗೆದು, ‘ಬರ್ತೀನಿ ಗುರು, ಏನ್ ಸಮಾಚಾರ’ ಎನ್ನುವ ಮಟ್ಟಕ್ಕೆ ಬಂದಿದ್ದೆ. ಬೆಂಗಳೂರಲ್ಲೇ ಹುಟ್ಟಿದ ಈ ಹೆಂಗಸು ಥೇಟ್ ನಮ್ಮವ್ವನ ಹಾಗೆ ಮಾತಾಡುತ್ತಿದ್ದರು. ಅವರು “ಊಟ ಆತೇನ್ರಿ ಸರ?” ಅನ್ನುವುದು, ನಾನು “ಆಯ್ತು ಮೇಡಂ, ನಿಮ್ದು?” ಅನ್ನುವುದು. ಮೆಟ್ಟಿಲ ಮೇಲೆ ನಿಂತು ಹೀಗೆ ಮಾತಾಡುವಾಗ ಯಾರಾದರೂ ಕೇಳಿದ್ದರೆ ಊರು ಅದಲುಬದಲು ಮಾಡಿಕೊಂಡು ನಮ್ಮನ್ನು ಗುರುತಿಸುತ್ತಿದ್ದರು. ಅವರಿಗೆ ನನ್ನ ನಾಟಕ ಗೊತ್ತಿತ್ತು. ಒಂದು ದಿನವೂ ಆಡಿ ತೋರಿಸಲಿಲ್ಲ.

ಬೆಳಿಗ್ಗೆ ಆರಕ್ಕೆ ಕೆಳಗಿನ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮುದ್ದೆ ಉಂಡು ಬೆಳೆದ ಕೈ ಅದು. ಗಡ್ಡಿಗೆ ಹೋದ ಮೊದಲ ವರ್ಷ ಅರ್ಧ ಮೂಟೆ ರಾಗಿ ಹಿಟ್ಟು ಹೊತ್ತುಕೊಂಡು ಹೋಗಿದ್ದರಂತೆ. ತೆಪ್ಪ ನಡುಹೊಳೆಯಲ್ಲಿದ್ದಾಗ ಹೆದರಿ ಎದ್ದು ನಿಂತುಬಿಟ್ಟರು. ತೆಪ್ಪ ವಾಲಿತು, ಎಲ್ಲರೂ ತೊಯ್ದರು, ಹಿಟ್ಟು ನೀರುಪಾಲಾಯಿತು. “ಕುಂಡ್ರವ್ವಾ ತಾಯಿ, ಹೊಳ್ಯಾಗ ಎದ್ದು ನಿಲ್ಲೋರು ಎರಡೇ ಮಂದಿ, ಕುಡದೋರು ಇಲ್ಲಾ ಸಾಲಿ ಕಲ್ತೋರು,” ಎಂದು ತೆಪ್ಪದವನು ಬೈದನಂತೆ. ಈ ಮಾತನ್ನು ಟೀಚರಮ್ಮ ಎಷ್ಟು ಸಲ ಹೇಳಿ ನಕ್ಕಿದ್ದರೋ.

ಹಿಟ್ಟು ಹೋದದ್ದೇ ಒಳ್ಳೆಯದಾಯಿತು ಎನ್ನುತ್ತಿದ್ದರು. ಹೊಟ್ಟೆ ಕೇಳಬೇಕಲ್ಲ, ತಾವಿದ್ದ ಮನೆಯ ಅಜ್ಜಿಯ ಪಕ್ಕ ಕೂತು ರೊಟ್ಟಿ ಕಲಿತರು. ಮೂರು ತಿಂಗಳು ಇವರ ರೊಟ್ಟಿಯನ್ನು ಹೊಳೆಯ ಮೀನು ಮಾತ್ರ ತಿಂದವು. ಆಮೇಲೆ ಸೀರೆ ಉಡುವ ರೀತಿ. ಆಮೇಲೆ ತೆಪ್ಪ ಹತ್ತುವ ಮೊದಲು ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ತೆಪ್ಪದಲ್ಲಿ ಸಿಳ್ಳೆ ಹಾಕದಿರುವುದು, ಮೊದಲ ಸೌತೆಕಾಯಿಯನ್ನು ಹೊಳೆಗೆ ಬಿಡುವುದು. ಶಾಲೆಯ ಮಕ್ಕಳು ಇವರಿಗೆ ನೀರು ಓದುವುದನ್ನು ಕಲಿಸಿದರು. ಕೆಂಪಾದರೆ ಏನು, ನೊರೆ ಬಂದರೆ ಏನು, ಕಡ್ಡಿ ಕಸ ತೇಲಿ ಬಂದರೆ ಎಷ್ಟು ಹೊತ್ತಿಗೆ ಹೊಳೆಯ ಮೆಟ್ಟಿಲು ಮುಳುಗುತ್ತದೆ, ಇದೆಲ್ಲ.

“ನಾ ಅವ್ರಂಗ ಆಗ್ಬೇಕು ಅಂತ ಹೋಗಿದ್ದಿಲ್ಲ ಸರ,” ಎಂದು ಒಂದು ಸಂಜೆ ಪುಂಡಿಸೊಪ್ಪು ಬಿಡಿಸುತ್ತ ಹೇಳಿದ್ದರು. “ಆದ್ರ ಅವ್ರು ಮಾಡೋದು ಮಾಡದ ಅಲ್ಲಿ ಇರಾಕ ಬರೂದಿಲ್ಲ. ಒಂದೊಂದ ಮಾಡ್ಕೋತ ಹೋದೆ. ಒಂದಿನ ನೋಡ್ತೀನಿ, ನಾ ಮಾಡಲಾರದ್ದು ಏನೂ ಉಳಿದೇ ಇಲ್ಲ.”

ವಾಪಸ್ಸು ಬರುವಾಗ ಆ ಪದ್ಧತಿಗಳನ್ನೆಲ್ಲ ಕಟ್ಟಿಕೊಂಡೇ ಬಂದರು. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಕಾಂಪೌಂಡಿನ ನಾಲ್ಕು ಸಾಲು ಪುಂಡಿಗಿಡಕ್ಕೆ ಪೂಜೆ ಮಾಡಿ, ಅಲ್ಲಿಯವರು ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವಂತೆ ಅನ್ನ ಚೆಲ್ಲುತ್ತಿದ್ದರು. ಪಕ್ಕದ ಅಪಾರ್ಟ್‌ಮೆಂಟಿನ ಕಾರುಗಳ ಮೇಲೂ ನಾಲ್ಕು ಅಗುಳು ಬೀಳುತ್ತಿದ್ದವು. ಅಲ್ಲಿನ ಸೆಕ್ಯುರಿಟಿಯವನಿಗೆ ಒಂದು ಹೋಳಿಗೆ ಹೋಗುತ್ತಿತ್ತು, ಜಗಳ ಆಗುತ್ತಿರಲಿಲ್ಲ.

ಆ ಪದ್ಧತಿಗಳಲ್ಲಿ ಒಂದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಮಳೆಗಾಲ ಶುರುವಾಗಿ ಹೊಳೆ ಏರುವ ಮೊದಲು ಗಡ್ಡಿಯಲ್ಲಿ ಮಾತು ಬಿಟ್ಟವರು ಮಾತಾಡಬೇಕು. ಮೂರು ತಿಂಗಳು ಆಚೆ ಹೋಗುವಂತಿಲ್ಲ, ಇರುವ ನಲವತ್ತು ಮನೆಯಲ್ಲೇ ಹುಟ್ಟು, ಸಾವು, ಹಾವು, ಜ್ವರ ಎಲ್ಲಕ್ಕೂ ಒಬ್ಬರಿಗೊಬ್ಬರು ಆಗಬೇಕು. ಮುನಿಸಿಟ್ಟುಕೊಂಡರೆ ನಡೆಯುವುದಿಲ್ಲ. ಹಾಗಾಗಿ ಮೊದಲ ಕೆಂಪು ನೀರು ಬರುವ ಮುಂಚೆ, ಮಾತು ಬೇಕೆನ್ನುವವರು ಒಂದು ಬೋಗುಣಿಯಲ್ಲಿ ಜೋಳದ ಹಿಟ್ಟು ತುಂಬಿ, ಮೇಲೊಂದು ಬೆಲ್ಲದ ಉಂಡೆ ಇಟ್ಟು, ಮುನಿಸಿನ ಮನೆಗೆ ಒಯ್ಯಬೇಕು. ಹೊಸ್ತಿಲು ದಾಟಬಾರದು. ಹೊರಗೇ ನಿಂತು ಕೊಡಬೇಕು. ಆ ಮನೆಯವರು ಪಾತ್ರೆಯನ್ನು ಇಟ್ಟುಕೊಂಡರೆ ಮಾತು ಬೇಕೆಂದು ಅರ್ಥ. ಹೊಳೆ ಇಳಿದ ಮೇಲೆ ತಾವೇ ತಂದು ಕೊಡುತ್ತಾರೆ. ಆಗಿಂದಾಗಲೇ ಪಾತ್ರೆ ವಾಪಸ್ಸು ಬಂದರೆ ಬೇಡ ಎಂದರ್ಥ. ಅದರಲ್ಲಿ ಏನು ತುಂಬಿ ಕೊಟ್ಟರೂ ಅಷ್ಟೇ.

ಇದು ನನಗೆ ತಿಳಿದದ್ದು ಜಗಳದಿಂದ. ನಾನು ಅವರ ಪುಂಡಿಗಿಡದ ಮೇಲೆ ಬೈಕು ನಿಲ್ಲಿಸಿದೆ, ಅವರು ಬೈದರು, ನಾನೂ ಬಾಡಿಗೆ ಕೊಡುವ ಜಂಬದಲ್ಲಿ ಒಂದು ಮಾತು ಹೆಚ್ಚಾಡಿದೆ. ಮೂರು ವಾರ ಮಾತಿಲ್ಲ. ಜೂನಿನ ಮೊದಲ ಮಳೆ ಬಿದ್ದ ಮರುದಿನ ಟೀಚರಮ್ಮ ನಮ್ಮ ಬಾಗಿಲಲ್ಲಿ ಬೋಗುಣಿ ಹಿಡಿದು ನಿಂತಿದ್ದರು.

“ಒಳಗೆ ಬನ್ನಿ ಮೇಡಂ,” ಎಂದೆ.

“ಬರಂಗಿಲ್ರಿ. ಒಳಗ ಬಂದ್ರ ನಿಮ್ಗ ಒತ್ತಾಯ ಮಾಡಿದಂಗ ಆಗ್ತದ. ಹೊಳಿ ಏರ್ತದ, ಇದನ್ನ ತೊಗೋರಿ.”

ನನ್ನ ಹೆಂಡತಿ ತುಮಕೂರು ಕಡೆಯವಳು. ಹಿಟ್ಟು ಸುರಿದುಕೊಂಡು, ಬೋಗುಣಿ ತೊಳೆದು, ಬರಿಗೈಲಿ ಕಳಿಸಬಾರದು ಎಂದು ಒಂದು ಹಿಡಿ ಸಕ್ಕರೆ ಹಾಕಿ ಹಿಂದೆಯೇ ಓಡಿದಳು. ಟೀಚರಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟರು. “ಈಗ ಕೊಡಬ್ಯಾಡ ತಂಗಿ, ಈಗ ಕೊಡಬ್ಯಾಡ,” ಎನ್ನುತ್ತ ಅವರು ಹಿಂದೆ ಹಿಂದೆ ಸರಿದದ್ದು ನೋಡಿ ನಾವಿಬ್ಬರೂ ಗಾಬರಿಯಾದೆವು. ಆಮೇಲೆ ಮೆಟ್ಟಿಲ ಮೇಲೆ ಕೂತು ಎಲ್ಲ ವಿವರಿಸಿದರು. ಆ ಬೋಗುಣಿ ದಸರೆಯವರೆಗೂ ನಮ್ಮ ಅಡುಗೆಮನೆಯಲ್ಲಿತ್ತು.

ಪ್ರತಿ ವರ್ಷ ಅವರು ಇನ್ನೊಂದು ಬೋಗುಣಿ ತುಂಬುತ್ತಿದ್ದರು. ಅದು ಎರಡು ಬೀದಿ ಆಚೆಯ ತಮ್ಮನ ಮನೆಗೆ.

ತಮ್ಮನೆಂದರೆ ಊರಲ್ಲಿ ದೊಡ್ಡ ಕುಳ. ಹೊಲ ಲೇಔಟಾಗಿ, ಲೇಔಟಲ್ಲಿ ಕಟ್ಟಡಗಳಾಗಿ, ಈಗ ನಾಲ್ಕಂತಸ್ತಿನ ಮನೆಯ ಕೆಳಗಿನ ಭಾಗದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅಕ್ಕನ ಜೊತೆ ಅವರು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾರಣ, ಅಪ್ಪ ಸತ್ತಾಗ ಅಕ್ಕ ಬರಲಿಲ್ಲ. ಇಪ್ಪತ್ತು ದಿನದ ಮೇಲೆ ಬಂದರು, ತಿಥಿಯೂ ಮುಗಿದಿತ್ತು. ಸುದ್ದಿ ಮುಟ್ಟಿಸಿದ್ದೇವೆ, ಆದರೂ ಬರಲಿಲ್ಲ, ಅಪ್ಪನಿಗಿಂತ ಆ ಊರೇ ಹೆಚ್ಚಾಯಿತು ಎಂದು ತಮ್ಮ, ಅಕ್ಕ ಬಾಗಿಲಲ್ಲಿರುವಾಗಲೇ ಅಂದರಂತೆ. ಟೀಚರಮ್ಮ ಅಲ್ಲಿಂದಲೇ ತಿರುಗಿ ಬಸ್ಸು ಹತ್ತಿದರು.

ನಿಜವಾಗಿ ಆದದ್ದನ್ನು ಅವರು ನನಗೊಬ್ಬನಿಗೆ ಹೇಳಿದ್ದರು. ಸುದ್ದಿ ದಂಡೆಯ ಊರಿನವರೆಗೆ ಫೋನಿನಲ್ಲಿ ಬಂತು. ಆದರೆ ಮಳೆಗಾಲ ಮುಗಿಯುತ್ತ ಬಂದಿದ್ದರೂ ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು. ಅಂಥ ಹೊತ್ತಲ್ಲಿ ದಂಡೆಯವರು ಮಾಡುತ್ತಿದ್ದದ್ದು ಒಂದೇ. ನೀರಿನ ಅಂಚಿಗೆ ನಿಂತು ಬಿಳಿ ಬಟ್ಟೆ ಬೀಸುತ್ತಿದ್ದರು. ಬಿಳಿ ಬಟ್ಟೆ ಎಂದರೆ ಗಡ್ಡಿಯ ಯಾರದೋ ಮನೆಯವರು ಹೊರಗೆ ತೀರಿಕೊಂಡಿದ್ದಾರೆ. ಯಾರು, ಯಾರ ಮನೆಯವರು ಎಂದು ಅಷ್ಟಗಲದ ನೀರಿನಾಚೆಯಿಂದ ಹೇಳುವುದು ಹೇಗೆ? ತುಂಬಿದ ಹೊಳೆಯ ಮೊರೆತದಲ್ಲಿ ಕೂಗು ಕೇಳುವುದಿಲ್ಲ. ಆದ್ದರಿಂದ ಹೊಳೆ ಇಳಿಯುವ ತನಕ ನಲವತ್ತು ಮನೆಯವರೂ ಸೂತಕ ಹಿಡಿದರು. ಯಾರ ಮನೆಯಲ್ಲೂ ಒಗ್ಗರಣೆ ಇಲ್ಲ, ಯಾರೂ ತಲೆಗೆ ಎಣ್ಣೆ ಹಚ್ಚಲಿಲ್ಲ. ಹೊರಗೆ ತವರಿರುವ ಸೊಸೆಯರು ಒಬ್ಬೊಬ್ಬರಾಗಿ ಅತ್ತರು. ಟೀಚರಮ್ಮ ಮನೆ ಮನೆಗೆ ಹೋಗಿ ಅವರನ್ನು ಸಮಾಧಾನ ಮಾಡುತ್ತಿದ್ದರು.

“ಹತ್ತೊಂಬತ್ತು ದಿನ ನಾ ಮಂದಿ ಸಲುವಾಗಿ ಅತ್ತೆ ಸರ,” ಎಂದಿದ್ದರು. “ನಮ್ಮಪ್ಪ ಅಂತ ಗೊತ್ತಿರ್ಲಿಲ್ಲ.”

“ಇದನ್ನ ನಿಮ್ಮ ತಮ್ಮನಿಗೆ ಹೇಳ್ಬಹುದಲ್ವಾ ಮೇಡಂ?”

“ಮಾತು ಬಿಟ್ಟವಂಗ ಹೆಂಗ ಹೇಳ್ಲಿ? ಮೊದ್ಲ ಪಾತ್ರಿ ಇಟ್ಕೊಳ್ಳಿ. ಆಮ್ಯಾಲೆ ಎಲ್ಲಾ ಹೇಳ್ತೀನಿ.”

ಅಷ್ಟೇ ಅವರಿಗೆ ಬೇಕಿದ್ದದ್ದು. ತಾವು ಸಾಯುವ ಮೊದಲು ಒಂದು ವರ್ಷ, ಒಂದೇ ಒಂದು ವರ್ಷ, ತಮ್ಮನು ಆ ಪಾತ್ರೆಯನ್ನು ಮನೆಯೊಳಗೆ ಇಟ್ಟುಕೊಳ್ಳಲಿ. ಊರಿಗೆ ಬಂದ ವರ್ಷದಿಂದ ಪ್ರತಿ ಜೂನಿನಲ್ಲೂ ಹೋದರು. ಗೇಟಿನಲ್ಲಿ ನಿಲ್ಲುತ್ತಿದ್ದರು. ಸೊಸೆ ಬಂದು ಬೋಗುಣಿ ಈಸಿಕೊಳ್ಳುತ್ತಿದ್ದಳು, ಐದು ನಿಮಿಷಕ್ಕೆ ತೊಳೆದು ಬಾಳೆಹಣ್ಣು ಹಾಕಿ ತಂದು ಕೊಡುತ್ತಿದ್ದಳು. ಟೀಚರಮ್ಮ ಅದನ್ನು ಹಿಡಿದುಕೊಂಡು ವಾಪಸ್ಸು ಬರುತ್ತಿದ್ದರು. ಆ ದಿನ ಕೆಳಗಿನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಬಾಳೆಹಣ್ಣನ್ನು ನಮಗೆ ಕೊಟ್ಟುಬಿಡುತ್ತಿದ್ದರು. “ಈ ವರ್ಷನೂ ಬ್ಯಾಡಂದ ಸರ,” ಎಂದಷ್ಟೇ ಹೇಳುತ್ತಿದ್ದರು. ನಾವು ಆ ಹಣ್ಣು ತಿನ್ನುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ತಮ್ಮನ ಪರಿಚಯ ನನಗಾದದ್ದು ಹಾಲಿನ ಬೂತಿನಲ್ಲಿ. ಬೆಳಿಗ್ಗೆ ಆರೂವರೆಗೆ ಪಂಚೆಯ ಮೇಲೊಂದು ಸ್ವೆಟರ್ ಹಾಕಿಕೊಂಡು ಬರುತ್ತಿದ್ದರು. ಮನೆಯಲ್ಲಿ ಆಳುಕಾಳು ಇದ್ದರೂ ಹಾಲಿಗೆ ತಾವೇ. ನಾನು ಯಾರ ಮನೆಯ ಬಾಡಿಗೆಯವನು ಎಂದು ತಿಳಿದ ದಿನದಿಂದ ನನಗಾಗಿ ಕಾಯುತ್ತಿದ್ದರು ಅನ್ನಿಸುತ್ತದೆ.

“ಏನ್ ಸಾ, ಮೇಲ್ಗಡೆ ನೀರ್ ಬತ್ತಾ ಐತಾ?”

“ಬರ್ತಿದೆ ಸರ್.”

“ಕೆಳಗ್ಡೀಕೂ ಬತ್ತದಾ?”

“ಬರುತ್ತೆ.”

“ಮೆಟ್ಲಲ್ಲಿ ಲೈಟ್ ಆಕ್ಸಿ ಸಾ. ವಯಸ್ಸಾದೋರು ಓಡಾಡ್ತಾರೆ.”

ಅಕ್ಕ ಎನ್ನುವ ಶಬ್ದ ಅವರ ಬಾಯಲ್ಲಿ ಬಂದದ್ದು ತಡವಾಗಿ. ನಾಲ್ಕು ವರ್ಷದ ಹಿಂದೆ, ಟೀಚರಮ್ಮ ಬೋಗುಣಿ ತೆಗೆದುಕೊಂಡು ಹೋಗಿ ಬಂದ ಮರುದಿನ, ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಹಿಡಿದು, ಬೇರೆ ಕಡೆ ನೋಡುತ್ತ ಒಮ್ಮೆಲೇ ಶುರು ಮಾಡಿದರು.

“ನೆನ್ನೆ ಬಂದಿದ್ಲು ಸಾ ನಮ್ಮಕ್ಕ. ವರ್ಸಕ್ಕೊಂದ್ ಸಲ ಬತ್ತಾಳೆ. ಗೇಟ್ತಾವ ನಿಂತ್ಕಂತಾಳೆ, ಇಟ್ಟು ಕೊಡ್ತಾಳೆ, ಓಯ್ತಾಳೆ. ಯಾಕ್ ಸಾ ಇಂಗೆ? ಆ ಮನೇಲಿ ಉಟ್ಟಿದ್ ಎಣ್ಮಗ್ಳು ಅವ್ಳು. ನೆಟ್ಟಗೆ ಒಳೀಕ್ ಬಂದು, ಅಡ್ಗೆಮನೆಗ್ ಓಗಿ ನೀರ್ ಕುಡುದ್ರೆ ಬ್ಯಾಡ ಅಂತೀನಾ? ಎಣ್ಮಗ್ಳುನ್ನ ಯಾರಾನ ಬಾ ಅಂತ ಕರೀತಾರಾ? ಕರುದ್ರೆ ಅವ್ಳು ಬೀಗ್ತಿ ಆದಂಗಾಯ್ತು. ನಾನು ಕಿಟಕಿತಾವ್ಲೇ ಕುಂತಿರ್ತೀನಿ. ಈ ವರ್ಸ ಬತ್ತಾಳೆ, ಬತ್ತಾಳೆ ಅಂತ.”

“ಪಾತ್ರೆ?” ಎಂದೆ ನಾನು.

“ಬರೀ ಪಾತ್ರೆ ಕಳ್ಸಬಾರ್ದು ಅಂತ ನಾನೇ ಬಾಳೆಅಣ್ಣು ಆಕ್ಸಿ ಕಳಿಸ್ತೀನಿ. ನಮ್ ತ್ವಾಟದ್ ಅಣ್ಣು, ದ್ಯಾವನಳ್ಳಿತಾವ್ಲಿಂದು. ಅವ್ಳಿಗ್ ಇಷ್ಟ ಅಂತ. ಅದುನ್ನೂ ಮಕ ಸಣ್ಣದ್ ಮಾಡ್ಕಂಡ್ ಈಸ್ಕಂತಾಳೆ.”

ಹಾಲಿನ ಬೂತಿನ ಮುಂದೆ ನಿಂತ ಆ ಕ್ಷಣದಲ್ಲಿ ಇಡೀ ಕೊಡಿಗೇಹಳ್ಳಿಯಲ್ಲಿ ನಾನೊಬ್ಬನೇ ಎರಡೂ ಕಡೆಯ ವಿಷಯ ತಿಳಿದವನಾಗಿದ್ದೆ. ಅಕ್ಕ ಗಡ್ಡಿಯ ಮರ್ಯಾದೆಗೆ ಹೊರಗೆ ನಿಲ್ಲುತ್ತಾರೆ. ತಮ್ಮ ಕೊಡಿಗೇಹಳ್ಳಿಯ ಮರ್ಯಾದೆಗೆ ಒಳಗೆ ಕೂತಿರುತ್ತಾರೆ. ಅವರು ಪ್ರೀತಿಯಿಂದ ಬಾಳೆಹಣ್ಣು ತುಂಬಿ ಕಳಿಸಿದ ಪಾತ್ರೆಯೇ ಇವರಿಗೆ ಬೇಡ ಎಂಬ ಉತ್ತರ. ಟೀಚರಮ್ಮ ಗಡ್ಡಿಯವರೇ ಆಗಿಹೋಗಿ, ಹುಟ್ಟಿದ ಮನೆಗೆ ಹೇಗೆ ಹೋಗಬೇಕೆಂಬುದನ್ನೇ ಮರೆತಿದ್ದರು. ನಾನು ಎರಡು ವಾಕ್ಯ ಹೇಳಿದ್ದರೆ ಅವತ್ತೇ, ಆ ಹಾಲು ಕಾಯುವುದರೊಳಗೆ, ಎಲ್ಲ ಮುಗಿಯುತ್ತಿತ್ತು.

ಹೇಳಲಿಲ್ಲ. “ಹೋಗ್ಲಿ ಬಿಡಿ ಸರ್, ಸರಿ ಹೋಗುತ್ತೆ,” ಎಂದೆ.

ಯಾಕೆ ಹೇಳಲಿಲ್ಲ ಎಂದು ನನಗೆ ನಾನೇ ಬಹಳ ಕಾರಣ ಕೊಟ್ಟುಕೊಂಡಿದ್ದೇನೆ. ಕಾಲೇಜಿಗೆ ಹೊತ್ತಾಗಿತ್ತು. ಅಕ್ಕ ತಮ್ಮನ ನಡುವೆ ಬಾಡಿಗೆಯವನಿಗೇನು ಕೆಲಸ. ಇವತ್ತಲ್ಲ, ಭಾನುವಾರ ನಿಧಾನವಾಗಿ ಹೇಳೋಣ. ಎಲ್ಲ ಸುಳ್ಳು. ನಿಜ ಬೇರೆ ಇದೆ, ಬರೆದುಬಿಡುತ್ತೇನೆ. ಟೀಚರಮ್ಮನ ಮನೆಯಿದ್ದ ಜಾಗ ಅವರ ಅಪ್ಪನಿಂದ ಬಂದದ್ದು. ಪಕ್ಕದ ಖಾಲಿ ಸೈಟು ತಮ್ಮನದು. ಎರಡೂ ಸೇರಿದರೆ ದೊಡ್ಡ ಕಟ್ಟಡಕ್ಕೆ ಸರಿಯಾಗುತ್ತದೆ ಎಂದು ಬೀದಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಇವರಿಬ್ಬರೂ ಒಂದಾದರೆ ಈ ಮನೆ ಉಳಿಯುವುದಿಲ್ಲ, ಮಗಳ ಶಾಲೆಗೆ ಹತ್ತಿರ, ಕಾಲೇಜಿಗೆ ಒಂದೇ ಬಸ್ಸು, ಇಂಥ ಮನೆ ಇನ್ನೆಲ್ಲಿ ಸಿಗುತ್ತದೆ ಎಂಬ ಯೋಚನೆ ನನ್ನ ತಲೆಯ ಮೂಲೆಯಲ್ಲಿ ಕೂತಿತ್ತು. ಅದು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನನ್ನ ಬಾಯಿ ಮುಚ್ಚಿಸಿತು, ಅಷ್ಟೆ.

ಟೀಚರಮ್ಮನಿಗಾದರೂ ಹೇಳಬಹುದಿತ್ತು. ಒಮ್ಮೆ ಅರ್ಧಂಬರ್ಧ ಪ್ರಯತ್ನಪಟ್ಟೆ. “ಈ ಸಲ ಸೀದಾ ಒಳಗೆ ಹೋಗಿ ನೋಡಿ ಮೇಡಂ,” ಎಂದೆ. ಅವರ ತಮ್ಮ ಕಿಟಕಿಯ ಬಳಿ ಕಾಯುತ್ತಾರೆ ಎಂಬುದನ್ನು ಹೇಳಲಿಲ್ಲ.

“ಅದ್ಹೆಂಗ್ರಿ ಸರ, ನೀವು ಹೊಳಿದಂಡಿಯವ್ರಾಗಿ ಹಿಂಗಂದ್ರ? ಅವ್ನ ಮರ್ಜಿ ಅವ್ನಿಗಿರ್ಬೇಕು,” ಎಂದು ಬೇಸರದಿಂದ ನೋಡಿದರು. ನಾನು ಸುಮ್ಮನಾದೆ. ಸುಮ್ಮನಾಗಲು ಒಂದು ನೆಪ ಸಿಕ್ಕಿತು ಅನ್ನುವುದೇ ಸರಿ.

ಹೋದ ವರ್ಷದ ಜೂನಿನಲ್ಲಿ ಅವರ ಮಂಡಿ ಪೂರ್ತಿ ಕೈಕೊಟ್ಟಿತ್ತು. “ನನ್ನ ಆ ದಂಡಿಗೆ ಮುಟ್ಟಸ್ರಿ ಸರ,” ಎಂದರು. ಆಟೋ ಮಾಡಿಕೊಂಡು ಇಬ್ಬರೂ ಹೋದೆವು. ಎರಡು ಬೀದಿ ದೂರ. ಗೇಟಿನ ಬಳಿ ಅವರು ಇಳಿದು, ಸರಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಬೋಗುಣಿಯನ್ನು ಎದೆಗೆ ಅವುಚಿಕೊಂಡು ನಿಂತರು. ಸೊಸೆ ಬಂದಳು, ಒಳಗೆ ಹೋದಳು. ಕಿಟಕಿಯ ಪರದೆ ಅಲುಗಿದ್ದನ್ನು ನಾನು ಆಟೋದಲ್ಲಿ ಕೂತು ನೋಡಿದೆ. ಪರದೆಯ ಹಿಂದೆ ಸ್ವೆಟರಿನ ಬಣ್ಣ ಕಂಡಿತು. ಅವರ ನಡುವೆ ಇದ್ದದ್ದು ಹತ್ತು ಹೆಜ್ಜೆ. ನಾನು ಕೂತೇ ಇದ್ದೆ. ಬೋಗುಣಿ ಬಾಳೆಹಣ್ಣಿನ ಸಮೇತ ಬಂತು.

ಹಿಂತಿರುಗುವಾಗ ಟೀಚರಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು. “ನಮ್ಮ ಗಡ್ಡ್ಯಾಗ ಎಂಥೆಂಥಾ ಜಗಳ ಆಗ್ಯಾವ್ರಿ ಸರ, ತಲಿ ಒಡದದ್ದು ಅದ. ಎರಡು ವರ್ಷದ ಮ್ಯಾಲೆ ಯಾರೂ ಪಾತ್ರಿ ತಿರುಗಿ ಕೊಟ್ಟಿದ್ದಿಲ್ಲ,” ಎಂದರು. ಆಟೋ ನಮ್ಮ ಬೀದಿಗೆ ತಿರುಗಿದಾಗ, “ನಮ್ಮಪ್ಪನ ಸಿಟ್ಟೇ ಬಂದದ ಅವನ್ಗೆ,” ಎಂದರು. ಬೈಗುಳದ ಹಾಗಿರಲಿಲ್ಲ, ಹೆಮ್ಮೆಯ ಹಾಗಿತ್ತು.

ಯುಗಾದಿ ಕಳೆದ ವಾರ, ರೊಟ್ಟಿಯ ಸದ್ದು ಕೇಳಲಿಲ್ಲವಲ್ಲ ಎಂದು ನನ್ನ ಹೆಂಡತಿ ಕೆಳಗೆ ಹೋಗಿ ನೋಡಿದಳು. ಅಡುಗೆಮನೆಯಲ್ಲಿ ಬಿದ್ದಿದ್ದರು. ಬಲಗಡೆ ಸ್ವಾಧೀನ ತಪ್ಪಿತ್ತು, ಎಚ್ಚರವಿರಲಿಲ್ಲ. ಆ್ಯಂಬುಲೆನ್ಸಿನಲ್ಲಿ ಕೂತು ನಾನೇ ತಮ್ಮನಿಗೆ ಫೋನು ಮಾಡಿದೆ. ನಮಗಿಂತ ಮೊದಲು ಅವರು ಆಸ್ಪತ್ರೆಯ ಬಾಗಿಲಲ್ಲಿದ್ದರು. ಮೂರು ದಿನ ಅವರು ಮನೆಗೆ ಹೋಗಲಿಲ್ಲ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಅಕ್ಕನ ಎಡಗೈ ಹಿಡಿದುಕೊಂಡು “ಅಕ್ಕಾ, ಅಕ್ಕಾ” ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವರು ಏನೋ ಔಷಧಿ ತರಲು ಕೆಳಗಿಳಿದಾಗ ನಾನೊಬ್ಬನೇ ಒಳಗಿದ್ದೆ. ಟೀಚರಮ್ಮನ ಕಿವಿಯ ಹತ್ತಿರ ಬಗ್ಗಿದೆ.

“ಅಕ್ಕಾರ, ಅವ್ರು ಬ್ಯಾಡಂದಿದ್ದಿಲ್ರಿ. ಅವ್ರಿಗೆ ಪದ್ಧತಿ ಗೊತ್ತಿದ್ದಿಲ್ಲ. ನೀವು ಒಳಗ ಬರ್ಲಿ ಅಂತ ಕಿಡಕ್ಯಾಗ ಕುಂತು ದಾರಿ ನೋಡ್ತಿದ್ರು. ಪ್ರತಿ ವರ್ಷ ನೋಡ್ಯಾರ. ಕೇಳ್ತದೇನ್ರಿ ಅಕ್ಕಾರ?”

ಏಳು ವರ್ಷದಲ್ಲಿ ನಾನು ಅವರ ಜೊತೆ ನಮ್ಮೂರ ಮಾತಾಡಿದ್ದು ಅದೇ ಮೊದಲು.

“ಅವ್ರಿಗೆ ಕೇಳಿಸಲ್ಲ ಸರ್,” ಎಂದಳು ನರ್ಸು, ಮೆಲ್ಲಗೆ. ಅವಳಿಗೆ ಪಾಪ ಅನ್ನಿಸಿರಬೇಕು. ಅವತ್ತು ಸಂಜೆ ಟೀಚರಮ್ಮ ಹೋದರು.

ಅವರ ಮನೆತನದಲ್ಲಿ ಮಣ್ಣು ಮಾಡುವುದು ರೂಢಿ. ಅಪ್ಪನನ್ನು ಮಣ್ಣು ಮಾಡಿದ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟು ನಿಂತಿದೆ, ಆದ್ದರಿಂದ ಹೆಬ್ಬಾಳದ ಚಿತಾಗಾರಕ್ಕೆ ಒಯ್ದೆವು. ಗಡ್ಡಿಯಿಂದ ಆರು ಜನ ಬಂದಿದ್ದರು. ಎಲ್ಲ ಅವರ ಹತ್ತಿರ ಅಕ್ಷರ ಕಲಿತವರು, ತಲೆ ನರೆಯುತ್ತಿರುವವರು. ಅವರಿಗೆ ಊಟ ಹಾಕಿಸಿ, ಬಸ್ಸಿನವರೆಗೂ ಹೋಗಿ ಕಳಿಸಿ ಬಂದದ್ದು ತಮ್ಮನೇ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವರು ಕೆಳಗಿನ ಮನೆಗೆ ಬಂದರು. ನನ್ನನ್ನು ಕರೆದರು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತೆವು. ತಲೆ ಬೋಳಿಸಿದ್ದರಿಂದ ಅವರ ಮುಖ ಅಕ್ಕನ ಮುಖದಂತೆಯೇ ಕಾಣುತ್ತಿತ್ತು. ಬಹಳ ಹೊತ್ತು ಅದೂ ಇದೂ ಸಾಮಾನು ನೋಡುತ್ತಿದ್ದು ಕಡೆಗೆ ಕೇಳಿದರು.

“ಒಂದ್ ಯೋಳಿ ಸಾ. ನೀವ್ ಇಷ್ಟ್ ವರ್ಸ ಜೊತೇಲಿದ್ರಿ. ಯಾಕ್ ಅವ್ಳು ಒಳೀಕ್ ಬತ್ತಿರ್ಲಿಲ್ಲ?”

ಹೇಳಿದೆ. ಹೊಳೆ ಏರುವುದು, ಬೋಗುಣಿ, ಹೊಸ್ತಿಲು, ಪಾತ್ರೆ ಇಟ್ಟುಕೊಳ್ಳುವುದರ ಅರ್ಥ, ತಕ್ಷಣ ವಾಪಸ್ಸು ಕೊಡುವುದರ ಅರ್ಥ. ಬಿಳಿ ಬಟ್ಟೆಯ ಹತ್ತೊಂಬತ್ತು ದಿನಗಳನ್ನೂ ಹೇಳಿದೆ. ಹೇಳಲು ಕಾಲು ಗಂಟೆ ಕೂಡ ಹಿಡಿಯಲಿಲ್ಲ. ಬಾಳೆಹಣ್ಣಿನ ವಿಷಯ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು.

“ಇದು ನಿಮ್ಗೆ ಯಾವಾಗ್ ಗೊತ್ತಾಯ್ತು ಸಾ?”

ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂದಿತ್ತು. “ನಾಲ್ಕು ವರ್ಷ ಆಯ್ತು,” ಎಂದೆ. “ನೀವು ಹಾಲಿನ ಬೂತಲ್ಲಿ ಹೇಳಿದ ದಿನವೇ.”

ಅವರು ಬೈಯುತ್ತಾರೆ ಎಂದುಕೊಂಡೆ. ಎದ್ದು ಕಪಾಳಕ್ಕೆ ಹೊಡೆದಿದ್ದರೂ ನಾನು ಕೆನ್ನೆ ಕೊಟ್ಟು ಕೂತಿರುತ್ತಿದ್ದೆ. ಅವರು ನನ್ನನ್ನೇ ನೋಡಿದರು. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ನೋಡಿದರು.

“ಒಂದ್ ಮಾತ್ ಯೋಳ್ಬಾರ್ದಾಗಿತ್ತಾ ಸಾ?”

ಅಷ್ಟೇ ಅಂದದ್ದು. ಪಂಚೆ ಸರಿಮಾಡಿಕೊಂಡು ಎದ್ದು, ಗೋಡೆ ಹಿಡಿದು ಚಪ್ಪಲಿ ಮೆಟ್ಟಿ ಹೋದರು.

ನಾವು ಬೇರೆ ಮನೆ ಹುಡುಕಲು ಶುರು ಮಾಡಿದೆವು. ತಣಿಸಂದ್ರದಲ್ಲಿ ಒಂದೆರಡು ನೋಡಿಯೂ ಬಂದೆವು. ಎರಡು ವಾರದ ಮೇಲೆ ಅವರ ಸೊಸೆ ಬಂದು ನನ್ನ ಹೆಂಡತಿಯ ಹತ್ತಿರ ಮಾತಾಡಿದಳು. “ಮಾವ ಹೇಳಿ ಕಳಿಸಿದ್ದಾರೆ. ಈ ಮನೆ ಒಡೆಯಲ್ವಂತೆ, ಹೀಗೇ ಇಡ್ತಾರಂತೆ. ಕೆಳಗಡೆ ಬೀಗ ಹಾಕಿರಲಿ, ಮೇಲೆ ನೀವೇ ಇರ್ಬೇಕಂತೆ. ದೊಡ್ಡತ್ತೆ ಜೊತೆ ಇದ್ದೋರು ನೀವು, ನಿಮ್ಮನ್ನ ಬಿಟ್ಟು ಬೇರೆಯವ್ರನ್ನ ಹಾಕೋದು ಬೇಡ ಅಂದ್ರು.”

ಹೆಂಡತಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಸಂಜೆ ಪಾಯಸ ಮಾಡಿದಳು. ಮಗಳು ಎರಡು ಸಲ ಹಾಕಿಸಿಕೊಂಡಳು. ನಾನೂ ತಿಂದೆ. ಮರುದಿನದಿಂದ ಹಾಲಿಗೆ ರೈಲ್ವೆ ಗೇಟಿನಾಚೆಯ ಬೂತಿಗೆ ಹೋಗುತ್ತಿದ್ದೇನೆ. ಸ್ವಲ್ಪ ದೂರ.